ನೀಲಿ ಗೀಟು

ಅರಸೀಕೆರೆಯ ಹದಿನೇಳನೇ ವಾರ್ಡಿನಲ್ಲಿ
ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ.
‘ನೀರು ಬಿಡೋನು’ ಅಂದರೆ ಗೊತ್ತು.
ಹೆಗಲ ಮೇಲೆ ವಾಲ್ವು ತಿರುಗಿಸುವ ಕಬ್ಬಿಣ,
ಒಂಬತ್ತು ದಿನಕ್ಕೊಮ್ಮೆ ಗಾಣಿಗರ ಓಣಿಗೆ,
ಹತ್ತಕ್ಕೊಮ್ಮೆ ದಿಬ್ಬದ ಮೇಲಿನವರಿಗೆ.
ದಿಬ್ಬದವರಿಗೆ ನಾನು ಯಾವತ್ತೂ ಒಂದು ದಿನದ ಸಾಲಗಾರ.

ಮೊದಲು ಬೈಗುಳ ಮುಖಕ್ಕೇ ಬರುತ್ತಿತ್ತು,
ಬೈದವರೇ ಆಮೇಲೆ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರು.
ಈಗ, ರೈಲ್ವೆಯಲ್ಲಿ ಗಾರ್ಡಾಗಿದ್ದು ರಿಟೈರಾದ ಪರಮಶಿವಯ್ಯ
‘ವಾರ್ಡು ಹದಿನೇಳು, ನಮ್ಮ ಹಕ್ಕು’ ಅಂತ ಗ್ರೂಪು ಕಟ್ಟಿ
ಇನ್ನೂರ ಹನ್ನೊಂದು ಜನರನ್ನು ಹತ್ತಿಸಿಕೊಂಡಿದ್ದಾರೆ.
ಹಸಿರು ಬಾವುಟ ಅವರದೇ, ಕೆಂಪು ಬಾವುಟವೂ ಅವರದೇ.
ನನ್ನನ್ನೂ ಹತ್ತಿಸಿದರು, ತಿಳಿಯದೆ.
ನನ್ನ ನಂಬರಿಗೆ ಮಗಳ ಫೋಟೊ ಇದೆ,
ಟ್ಯೂಷನ್ ಮಿಸ್ಸು ಅಂದುಕೊಂಡರು.

ಹಾಗಾಗಿ ನನ್ನ ಮೇಲೆ ಬರೆದದ್ದನ್ನೆಲ್ಲ ನಾನೇ ಓದುತ್ತಿದ್ದೆ,
ಅಕ್ಷರ ಕೂಡಿಸಿ ಕೂಡಿಸಿ,
ಬೆಳಗಿನ ಜಾವ ಮೂರಕ್ಕೆ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು,
ಕೊಳವೆ ತುಂಬುವ ಸದ್ದಿಗೆ ಕಾಯುತ್ತ.

‘ದುಡ್ಡು ಕೊಟ್ಟವರ ಬೀದಿಗೆ ಬಿಡ್ತಾನೆ.’
ಆರು ಹೆಬ್ಬೆರಳು.
(ಒಮ್ಮೆ ತಗೊಂಡಿದ್ದೆ, ಮದುವೆ ಮನೆಯವರಿಂದ, ಇನ್ನೂರು.
ಅದು ಅವರಿಗೆ ಗೊತ್ತಿಲ್ಲ.)
‘ಪೌರಾಯುಕ್ತರಿಗೆ ಕಳಿಸಿ ಇದನ್ನ.’
ಒಂದು ಗುಲಾಬಿ, ಶುಭೋದಯ, ಯಾರದೋ ಗೃಹಪ್ರವೇಶ.
‘ಜನ್ನತ್, ನಿಮ್ಮನೇಲಿ ಬಂತಾ?’
‘ಬಂತು, ಮಣ್ಣುಬಣ್ಣ.’ ಕೆಳಗೆ ಬಕೆಟ್ಟಿನ ಫೋಟೊ.
ಆ ಬಣ್ಣ ನನಗೆ ಗೊತ್ತು. ನನ್ನ ಬನಿಯನ್ನಿನ ಬಣ್ಣ.

ಯುಗಾದಿಗೆ ನಾಲ್ಕು ದಿನ ಇದೆ ಅನ್ನುವಾಗ
ನನ್ನ ಫೋಟೊವೂ ಬಂತು.
ಟೀ ಅಂಗಡಿಯ ಬೆಂಚು, ಬಾಯಿ ಅರ್ಧ ತೆರೆದಿದೆ.
‘ನಮ್ಮ ಕಂದಾಯ ಮಲಗಿದೆ ನೋಡಿ.’
ಮಧ್ಯಾಹ್ನಕ್ಕೆ ನೋಟೀಸು.

ಹಿಂದಿನ ರಾತ್ರಿ ಹನ್ನೊಂದರಿಂದ ಆರರವರೆಗೆ
ಒಡೆದ ಕೊಳವೆಗೆ ಸೈಕಲ್ ಟ್ಯೂಬು ಸುತ್ತಿದ್ದೆ.
ಫೋಟೊದಲ್ಲಿ ಅದು ಕಾಣುವುದಿಲ್ಲ.
ಹಾಗಂತ ಫೋಟೊ ಸುಳ್ಳಲ್ಲ, ನಿದ್ದೆ ಬಂದಿತ್ತು.

ರಾತ್ರಿ ಬರೆಯಲು ಕೂತೆ.
‘ಸ್ವಾಮಿ’ ಅಂತ ಬರೆದೆ, ಅಳಿಸಿದೆ.
‘ಮಾನ್ಯರೇ’. ಅದನ್ನೂ.
ಕೊನೆಗೆ ಮುಚ್ಚಳ ಸರಿಸಿ, ಸೊಂಟಮಟ್ಟ ಕೆಸರಿಗಿಳಿದು,
ಅಂಚಿನ ಇಟ್ಟಿಗೆಗೆ ಫೋನು ಆನಿಸಿ ವಿಡಿಯೋ ಒತ್ತಿದೆ:
ಇದು ಓಣಿ ವಾಲ್ವು, ಹಲ್ಲು ಸವೆದಿದೆ.
ಇದು ದಿಬ್ಬದ್ದು, ತುಕ್ಕು, ಅರ್ಧ ಸುತ್ತಿಗೇ ನಿಲ್ತದೆ.
ಹೊಸದು ಬೇಕು ಅಂತ ಬರೆದುಕೊಟ್ಟು ಹದಿನಾಲ್ಕು ತಿಂಗಳು.
ನಾನು ಜವರಪ್ಪ.
ನೀರು ಬಿಡೋನು.

ಎರಡು ನಿಮಿಷ ಎಂಟು ಸೆಕೆಂಡು.
ಅದರಲ್ಲಿ ಅರ್ಧ ಬರೀ ಕತ್ತಲೆ,
ಹಿಂದೆ ಬೀರೂರು ಕಡೆಯ ಗಾಡಿ ಕೂಗಿದ್ದು.

ಒಂದು ಗೀಟು. ಎರಡು.
ಬೆಳಕು ಹರಿಯುವ ಹೊತ್ತಿಗೆ ಎರಡೂ ನೀಲಿ.
ಇನ್ನೂರ ಹನ್ನೊಂದು ಜನ ಓದಿ ಸುಮ್ಮನಿದ್ದಾರೆ.
ಶುಭೋದಯದ ಗುಲಾಬಿಯೂ ಅವತ್ತು ಅರಳಲಿಲ್ಲ.
ಏಳೂ ನಲವತ್ತಕ್ಕೆ ಒಂದು ಬೂದು ಸಾಲು:
ವಾರ್ಡಿನ ಸದಸ್ಯರು ಗ್ರೂಪು ತೊರೆದಿದ್ದಾರೆ.
ಆಮೇಲೆ ಜನ್ನತ್, ಹೊಲಿಗೆ ಮೆಷಿನ್ನಿನ ಮೇಲಿಂದಲೇ ಇರಬೇಕು,
‘ಆ ಹದಿನಾಲ್ಕು ತಿಂಗಳ ಹಿಂದಿನ ಕಾಗದದ ನಂಬರೆಷ್ಟು?’

ಅಷ್ಟೇ ಕೇಳಿದ್ದು.
ಪರಮಶಿವಯ್ಯ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಬರೆದರು.
ಶುಕ್ರವಾರ ನಗರಸಭೆಯ ಜಗಲಿಯಲ್ಲಿ ನಲವತ್ತೊಂದು ಜನ,
ಮಿಕ್ಕ ನೂರ ಎಪ್ಪತ್ತು ಮನೆಯಿಂದಲೇ ಹೆಬ್ಬೆರಳು.
ಇಂಜಿನಿಯರ ಮೂಗಿನ ಮುಂದೆ ನನ್ನ ಕತ್ತಲೆ
ಒಂದೊಂದು ಫೋನಿನಲ್ಲೂ ಓಡುತ್ತಿತ್ತು.
ನಾನು ಹೋಗಿರಲಿಲ್ಲ. ಅವತ್ತು ದಿಬ್ಬದ ಸರದಿ.

ವಾಲ್ವು ಬಂತಾ ಅಂತ ಕೇಳುತ್ತೀರಿ.
ಒಂದು ಬಂತು. ಇನ್ನೊಂದು ಟೆಂಡರಿನಲ್ಲಿದೆ.
ನೋಟೀಸು ವಾಪಸಾಗಿಲ್ಲ.
ಫೋಟೊ ಹಾಕಿದವರು ಯಾರೆಂದು ಗೊತ್ತು, ಅವರ ಬೀದಿಗೂ ಬಿಡುತ್ತೇನೆ,
ಅದೇ ಹೊತ್ತು, ಅದೇ ಅಳತೆ,
ಮೊದಲ ಎರಡು ಸಲ ಮಾತ್ರ ಕೈ ಸ್ವಲ್ಪ ತಡೆಯಿತು.

ಬೈಗುಳವೇನೂ ನಿಂತಿಲ್ಲ.
ಮೂರು ಗಂಟೆಗೆ ದಿಬ್ಬದಿಂದ ಯಾರೋ, ಒತ್ತಕ್ಷರ ಬಿಟ್ಟು:
‘ಜವರಪ, ಇನ್ನೂ ಬಿಟ್ಟಿಲ್ವೇನೋ ಮಾರಾಯ?’
ಈಗ ಹೆಸರು ಹಿಡಿದು ಬೈಯುತ್ತಾರೆ.
ಉತ್ತರ ಬರೆಯುವುದಿಲ್ಲ ನಾನು. ಕಬ್ಬಿಣ ತಿರುಗಿಸುತ್ತೇನೆ,
ಅದು ಕೆಮ್ಮುತ್ತ ಕೆಮ್ಮುತ್ತ
ಕೊಳವೆಯೊಳಗೆ ದಿಬ್ಬ ಹತ್ತುತ್ತದೆ.